ಶಾನ್ ಕಾಲಿಯರ್ ಸ್ಮಾರಕ: ಕ್ಯಾಂಪಸ್ ಪೊಲೀಸರೊಬ್ಬರ ನೆನಪಿಗೆ 32 ಕಲ್ಲುಗಳು



ಊರಿನಿಂದ ಅಪ್ಪ ಅಮ್ಮ ಬಂದಾಗ ಬಾಸ್ಟನ್ ಸುತ್ತಮುತ್ತಲಿನ ನಮ್ಮ ಕುಟುಂಬಗಳವರು ಅವರನ್ನು ಕೇಂಬ್ರಿಡ್ಜ್‌ಗೆ ಕರೆದೊಯ್ದು ಹಾರ್ವರ್ಡ್, ಎಂ.ಐ.ಟಿ. ತೋರಿಸಿಕೊಂಡು ಬರುವುದು ವಾಡಿಕೆ. ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷಗಳಿಗೆ ಬಂದರಂತೂ ಈ ಭೇಟಿ ತಪ್ಪುವುದಿಲ್ಲ. ಎಂ.ಐ.ಟಿ.ಯಲ್ಲಿ ವಾಸರ್ ಬೀದಿ ಮತ್ತು ಮೇನ್ ಬೀದಿ ಕೂಡುವ ಕಡೆ, ವಾಲಿದ ಗೋಡೆಗಳ ಸ್ಟಾಟಾ ಸೆಂಟರ್ ಕಟ್ಟಡದ ಪಕ್ಕದಲ್ಲಿ, ಬೂದು ಬಣ್ಣದ ಕಲ್ಲಿನ ಒಂದು ತೆರೆದ ಮಂಟಪವಿದೆ. ಇದೇನು ಆಧುನಿಕ ಶಿಲ್ಪವೇ, ಕುಳಿತುಕೊಳ್ಳುವ ಜಾಗವೇ ಎಂದು ನಮ್ಮವರು ಅನೇಕರು ಕೇಳುವುದುಂಟು. ಅದು ಕರ್ತವ್ಯದಲ್ಲಿದ್ದಾಗ ಕೊಲೆಯಾದ ಪೊಲೀಸ್ ಅಧಿಕಾರಿ ಶಾನ್ ಕಾಲಿಯರ್ ಅವರ ಸ್ಮಾರಕ. ಆ ಅಧಿಕಾರಿ ಯಾರು, ಅಂದು ನಡೆದದ್ದೇನು, ಸ್ಮಾರಕವನ್ನು ಕಟ್ಟಿದ ಬಗೆ ಹೇಗೆ, ನೋಡಲು ಹೋಗುವವರು ಏನನ್ನು ಗಮನಿಸಬೇಕು ಎಂಬ ಮಾಹಿತಿಯನ್ನು ಇಲ್ಲಿ ಒಟ್ಟಾಗಿ ಕೊಡುತ್ತಿದ್ದೇವೆ.

ಒಂದು ನೋಟದಲ್ಲಿ

- ಯಾರ ನೆನಪಿಗೆ: ಎಂ.ಐ.ಟಿ. ಪೊಲೀಸ್ ಅಧಿಕಾರಿ ಶಾನ್ ಕಾಲಿಯರ್
- ಘಟನೆ ನಡೆದ ದಿನ: 2013 ಏಪ್ರಿಲ್ 18, ಗುರುವಾರ ರಾತ್ರಿ
- ಸ್ಮಾರಕ ಉದ್ಘಾಟನೆ: 2015 ಏಪ್ರಿಲ್ 29
- ಸ್ಥಳ: ವಾಸರ್ ಬೀದಿ ಮತ್ತು ಮೇನ್ ಬೀದಿ ಸೇರುವಲ್ಲಿ, ಕೇಂಬ್ರಿಡ್ಜ್, ಮ್ಯಾಸಚೂಸೆಟ್ಸ್
- ವಿನ್ಯಾಸ: ವಾಸ್ತುಶಿಲ್ಪಿ ಮೀಜಿನ್ ಯೂನ್ (ಆಗ ಎಂ.ಐ.ಟಿ. ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರು)
- ರಚನೆ: 32 ಗಟ್ಟಿ ಗ್ರಾನೈಟ್ ಕಲ್ಲುಗಳು, ಐದು ಗೋಡೆಗಳು, ನಡುವೆ ಕಲ್ಲಿನ ಚಾವಣಿ

ಕ್ಯಾಂಪಸ್ ಎಂಬ ಸಣ್ಣ ಊರು

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ನಮ್ಮ ತಾಲ್ಲೂಕು ಕೇಂದ್ರಗಳಷ್ಟೇ ಜನರಿರುವ ಸಣ್ಣ ಊರುಗಳಿದ್ದಂತೆ. ಎಂ.ಐ.ಟಿ.ಯಲ್ಲಿ ವಿದ್ಯಾರ್ಥಿಗಳೇ ಸುಮಾರು ಹನ್ನೊಂದು ಸಾವಿರ. ಅಧ್ಯಾಪಕರು, ಸಂಶೋಧಕರು, ಸಿಬ್ಬಂದಿ, ಅವರ ಕುಟುಂಬಗಳು ಬೇರೆ. ಹಾಸ್ಟೆಲ್ಲು, ಊಟದ ಮನೆ, ಆಸ್ಪತ್ರೆ, ಆಟದ ಮೈದಾನ, ಅಂಚೆ, ಎಲ್ಲವೂ ಅಲ್ಲೇ ಇವೆ. ಈ ಊರಿಗೆ ತನ್ನದೇ ಪೊಲೀಸ್ ಇಲಾಖೆಯೂ ಇದೆ.

ಕ್ಯಾಂಪಸ್ ಪೊಲೀಸರೆಂದರೆ ಗೇಟಿನಲ್ಲಿ ಕೂರುವ ವಾಚ್‌ಮನ್ ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಎಂ.ಐ.ಟಿ. ಪೊಲೀಸರು ಅಕಾಡೆಮಿಯಲ್ಲಿ ತರಬೇತಿ ಪಡೆದು, ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನಿನಂತೆ ಪ್ರಮಾಣ ವಚನ ಸ್ವೀಕರಿಸಿದ ಅಧಿಕಾರಿಗಳು. ಬಂಧಿಸುವ ಅಧಿಕಾರ, ಬಂದೂಕು, ಗಸ್ತು ವಾಹನ ಎಲ್ಲವೂ ಅವರಿಗುಂಟು. ಆದರೆ ಅವರ ದಿನನಿತ್ಯದ ಕೆಲಸದ ಬಹುಪಾಲು ಬೇರೆಯದೇ. ರಾತ್ರಿ ಎರಡು ಗಂಟೆಗೆ ಲ್ಯಾಬಿನಿಂದ ಹೊರಡುವ ಹುಡುಗಿಯನ್ನು ಹಾಸ್ಟೆಲ್ ಬಾಗಿಲವರೆಗೆ ಬಿಡುವುದು, ಕೀಲಿ ಕಳೆದುಕೊಂಡವನಿಗೆ ಬಾಗಿಲು ತೆಗೆದುಕೊಡುವುದು, ಮನೆಯಿಂದ ಮೊದಲ ಬಾರಿ ದೂರವಿದ್ದು ಕಂಗಾಲಾದ ಹುಡುಗನ ಜೊತೆ ಎರಡು ಮಾತಾಡುವುದು, ಇಂಥವೇ ಹೆಚ್ಚು. ಈ ಊರಿನ ಜನರಲ್ಲಿ ಪ್ರತಿ ನಾಲ್ಕು ವರ್ಷಕ್ಕೆ ಬಹುಪಾಲು ಹೊಸಬರು. ಆದ್ದರಿಂದ ಅವರ ಮುಖ ನೆನಪಿಟ್ಟುಕೊಳ್ಳುವ ಪೊಲೀಸ್ ಅಧಿಕಾರಿ ಸಿಕ್ಕರೆ ಅದು ಆ ಊರಿನ ಪುಣ್ಯ.

ಶಾನ್ ಕಾಲಿಯರ್ ಯಾರು?

ಕಾಲಿಯರ್ ಬೆಳೆದದ್ದು ಬಾಸ್ಟನ್‌ನ ಉತ್ತರಕ್ಕಿರುವ ವಿಲ್ಮಿಂಗ್ಟನ್ ಎಂಬ ಸಣ್ಣ ಪಟ್ಟಣದಲ್ಲಿ. ದೊಡ್ಡ ಕುಟುಂಬ, ಅಣ್ಣ ತಮ್ಮಂದಿರು ಅಕ್ಕ ತಂಗಿಯರು ತುಂಬಿದ್ದ ಮನೆ. 2009ರಲ್ಲಿ ಸೇಲಂ ಸ್ಟೇಟ್ ಸಂಸ್ಥೆಯಿಂದ ಅಪರಾಧ ನ್ಯಾಯ ವಿಷಯದಲ್ಲಿ ಪದವಿ ಪಡೆದರು. ಪಕ್ಕದ ಸೋಮರ್‌ವಿಲ್ ನಗರದ ಪೊಲೀಸ್ ಇಲಾಖೆಯಲ್ಲಿ ಸಮವಸ್ತ್ರವಿಲ್ಲದ ಸಿಬ್ಬಂದಿಯಾಗಿ ಕೆಲಸ ಮಾಡಿ, 2012ರ ಜನವರಿಯಲ್ಲಿ ಎಂ.ಐ.ಟಿ. ಪೊಲೀಸ್ ಇಲಾಖೆ ಸೇರಿದರು. ಚಿಕ್ಕಂದಿನಿಂದ ಪೊಲೀಸ್ ಆಗಬೇಕೆಂಬುದೇ ಅವರ ಆಸೆಯಾಗಿತ್ತೆಂದು ಮನೆಯವರು ಹೇಳಿದ್ದಾರೆ.

ಎಂ.ಐ.ಟಿ.ಯಲ್ಲಿ ಅವರು ಸೇವೆ ಸಲ್ಲಿಸಿದ್ದು ಒಂದೂಕಾಲು ವರ್ಷ ಮಾತ್ರ. ಅಷ್ಟರಲ್ಲಿ ವಿದ್ಯಾರ್ಥಿಗಳಿಗೆ ಅವರು ಪರಿಚಿತ ಮುಖವಾಗಿದ್ದರು. ಡ್ಯೂಟಿ ಮುಗಿದ ಮೇಲೂ ಅವರ ನಂಟು ಮುಗಿಯುತ್ತಿರಲಿಲ್ಲ. ವಿದ್ಯಾರ್ಥಿಗಳ ಚಾರಣ ಸಂಘವಾದ ಎಂ.ಐ.ಟಿ. ಔಟಿಂಗ್ ಕ್ಲಬ್ ಸೇರಿ, ಅವರೊಡನೆ ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಬೆಟ್ಟಗಳನ್ನು ಹತ್ತುತ್ತಿದ್ದರು. ಚಳಿಗಾಲದ ಹಿಮದಲ್ಲಿ ಜೊತೆಗೆ ನಡೆದ ಹುಡುಗರಿಗೆ ಅವರು ಆಫೀಸರ್ ಕಾಲಿಯರ್ ಅಲ್ಲ, ಬರೀ ಶಾನ್.

ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಸೋಮರ್‌ವಿಲ್ ನಗರದ ಪೊಲೀಸ್ ಅಧಿಕಾರಿಯಾಗಿ ನೇಮಕವಾಗುವ ದಿನವೂ ಹತ್ತಿರ ಬಂದಿತ್ತು.

2013ರ ಆ ವಾರ

2013ರ ಏಪ್ರಿಲ್ 15, ಸೋಮವಾರ. ಮ್ಯಾಸಚೂಸೆಟ್ಸ್‌ನಲ್ಲಿ ಪೇಟ್ರಿಯಟ್ಸ್ ಡೇ ರಜೆ, ಬಾಸ್ಟನ್ ಮ್ಯಾರಥಾನ್ ಓಟದ ದಿನ. ಮಧ್ಯಾಹ್ನ ಬಾಯ್ಲ್‌ಸ್ಟನ್ ಬೀದಿಯಲ್ಲಿ ಓಟದ ಕೊನೆಯ ಗೆರೆಯ ಬಳಿ ಎರಡು ಬಾಂಬುಗಳು ಸಿಡಿದವು. ಮೂವರು ಸತ್ತರು. ಅವರಲ್ಲಿ ಎಂಟು ವರ್ಷದ ಒಬ್ಬ ಹುಡುಗ, ಓದಲೆಂದು ಚೀನಾದಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಇದ್ದರು. ಗಾಯಗೊಂಡವರ ಸಂಖ್ಯೆ 260ಕ್ಕೂ ಹೆಚ್ಚು. ಹಲವರು ಕಾಲು ಕಳೆದುಕೊಂಡರು.

ಏಪ್ರಿಲ್ 18ರ ಗುರುವಾರ ಸಂಜೆ ಎಫ್.ಬಿ.ಐ. ಇಬ್ಬರು ಶಂಕಿತರ ಚಿತ್ರಗಳನ್ನು ಬಿಡುಗಡೆ ಮಾಡಿತು. ಬಾಂಬ್ ಇಟ್ಟ ಇಬ್ಬರು ಸೋದರರು ಊರು ಬಿಡುವ ತಯಾರಿಯಲ್ಲಿದ್ದರು. ಅವರ ಬಳಿ ಇದ್ದದ್ದು ಒಂದೇ ಪಿಸ್ತೂಲು, ಇನ್ನೊಂದು ಬೇಕಾಗಿತ್ತು. ರಾತ್ರಿ ಹತ್ತೂವರೆಯ ಆಸುಪಾಸಿನಲ್ಲಿ ಕಾಲಿಯರ್ ತಮ್ಮ ಗಸ್ತು ಕಾರಿನಲ್ಲಿ ಸ್ಟಾಟಾ ಸೆಂಟರ್ ಬಳಿ ಕುಳಿತಿದ್ದರು. ಇಬ್ಬರೂ ಹಿಂದಿನಿಂದ ನಡೆದು ಬಂದು ಅವರ ಮೇಲೆ ಗುಂಡು ಹಾರಿಸಿದರು. ಅವರ ಸೊಂಟದ ಬಂದೂಕನ್ನು ಕಿತ್ತುಕೊಳ್ಳಲು ನೋಡಿದರು. ಚೀಲಕ್ಕೆ ಭದ್ರತೆಯ ಕೊಕ್ಕೆ ಇದ್ದುದರಿಂದ ಅದು ಕೈಗೆ ಬರಲಿಲ್ಲ. ಕಾಲಿಯರ್ ಅವರನ್ನು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಸಾಗಿಸಲಾಯಿತು. ಜೀವ ಉಳಿಯಲಿಲ್ಲ.

ಹಂತಕರು ಅಲ್ಲಿಂದ ಒಂದು ಕಾರನ್ನು ಅದರ ಚಾಲಕನ ಸಮೇತ ಅಪಹರಿಸಿದರು. ಆತ ತಪ್ಪಿಸಿಕೊಂಡು ಪೊಲೀಸರಿಗೆ ಸುಳಿವು ಕೊಟ್ಟ. ನಡುರಾತ್ರಿ ದಾಟಿದ ಮೇಲೆ ಪಕ್ಕದ ವಾಟರ್‌ಟೌನ್‌ನಲ್ಲಿ ಗುಂಡಿನ ಕಾಳಗ ನಡೆದು ಸೋದರರಲ್ಲಿ ಹಿರಿಯವನು ಸತ್ತ. ಅಲ್ಲಿ ತೀವ್ರವಾಗಿ ಗಾಯಗೊಂಡು ಬದುಕಿದ ಸಾರಿಗೆ ಪೊಲೀಸ್ ಅಧಿಕಾರಿ, ಅಕಾಡೆಮಿಯಲ್ಲಿ ಕಾಲಿಯರ್ ಅವರ ಸಹಪಾಠಿಯಾಗಿದ್ದವರು. ಅದೇ ಕಾಳಗದಲ್ಲಿ ಗಾಯಗೊಂಡ ಬಾಸ್ಟನ್ ಪೊಲೀಸ್ ಅಧಿಕಾರಿಯೊಬ್ಬರು 2014ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಮರುದಿನ ಶುಕ್ರವಾರ ಬಾಸ್ಟನ್, ಕೇಂಬ್ರಿಡ್ಜ್, ವಾಟರ್‌ಟೌನ್ ಮತ್ತು ಸುತ್ತಲಿನ ಊರುಗಳ ಜನರಿಗೆ ಮನೆಯಿಂದ ಹೊರಬರಬೇಡಿ ಎಂಬ ಸೂಚನೆ ಬಂತು. ರೈಲು, ಬಸ್ಸು ನಿಂತವು. ಇಲ್ಲಿ ನೆಲೆಸಿರುವ ನಮ್ಮವರು ಆ ದಿನವನ್ನು ಮರೆತಿಲ್ಲ. ಊರಿನಿಂದ ಫೋನಿನ ಮೇಲೆ ಫೋನು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಸಂಜೆ ವಾಟರ್‌ಟೌನ್‌ನ ಮನೆಯೊಂದರ ಹಿತ್ತಲಿನ ದೋಣಿಯಲ್ಲಿ ಅಡಗಿದ್ದ ಕಿರಿಯವನು ಸಿಕ್ಕಿಬಿದ್ದ. 2015ರ ಏಪ್ರಿಲ್ 8ರಂದು ನ್ಯಾಯಾಲಯದಲ್ಲಿ ಅವನ ಮೇಲಿನ 30 ಆರೋಪಗಳೂ ಸಾಬೀತಾದವು. ಕಾಲಿಯರ್ ಅವರ ಕೊಲೆಯೂ ಅವುಗಳಲ್ಲಿ ಸೇರಿದೆ. ಆ ಸೋದರರ ಹೆಸರನ್ನು ನಾವು ಬೇಕೆಂದೇ ಇಲ್ಲಿ ಬರೆದಿಲ್ಲ. ಸ್ಮಾರಕದ ಮೇಲೂ ಆ ಹೆಸರುಗಳಿಲ್ಲ.

ನಮ್ಮವರ ಮೇಲೆ ಬಿದ್ದ ನೆರಳು

ಅದೇ ರಾತ್ರಿ ಇನ್ನೊಂದು ಅನ್ಯಾಯವೂ ನಡೆಯಿತು. ಕೆಲವು ವಾರಗಳಿಂದ ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನೇ ಬಾಂಬ್ ಇಟ್ಟವನು ಎಂದು ಅಂತರಜಾಲದಲ್ಲಿ ಸುಳ್ಳು ಸುದ್ದಿ ಹಬ್ಬಿತು. ಮಗನನ್ನು ಹುಡುಕುತ್ತಿದ್ದ ಆ ಮನೆಯವರಿಗೆ ಬೈಗುಳ, ಬೆದರಿಕೆಗಳು ಬಂದವು. ಬೆಳಗಾಗುವಷ್ಟರಲ್ಲಿ ನಿಜವಾದ ಶಂಕಿತರ ಹೆಸರು ಹೊರಬಿತ್ತು. ಆ ಹುಡುಗನಿಗೂ ಬಾಂಬಿಗೂ ಏನೇನೂ ಸಂಬಂಧವಿರಲಿಲ್ಲ. ಅವನ ಶವ ಕೆಲವೇ ದಿನಗಳಲ್ಲಿ ಸಿಕ್ಕಿತು. ಮ್ಯಾರಥಾನ್‌ಗೂ ಮುಂಚೆಯೇ ಅವನು ತೀರಿಕೊಂಡಿದ್ದ.

ಕಾಲಿಯರ್ ಸ್ಮಾರಕದ ಮಾತಿನ ನಡುವೆ ಇದನ್ನು ಹೇಳಲು ಕಾರಣವಿದೆ. ಅಂಥ ಹೊತ್ತಿನಲ್ಲಿ ಮೈಬಣ್ಣ, ಹೆಸರು ನೋಡಿ ಬೆರಳು ತೋರಿಸುವುದು ಬಹಳ ಸುಲಭ. ಆಮೇಲೆ ಆ ಕ್ಯಾಂಪಸ್ಸಿನ ಜನ ಸ್ಮಾರಕ ಕಟ್ಟಲು ಕುಳಿತಾಗ ಕೋಪವನ್ನು ಕಲ್ಲಿನಲ್ಲಿ ಕೆತ್ತಲಿಲ್ಲ. ದೇಶ ದೇಶಗಳಿಂದ ಬಂದ ಮಕ್ಕಳನ್ನು ಸಮನಾಗಿ ಕಂಡ ಒಬ್ಬ ಮನುಷ್ಯನ ಸ್ವಭಾವವನ್ನು ಉಳಿಸಿಕೊಳ್ಳಲು ನೋಡಿದರು. ಈ ಸ್ಮಾರಕ ನಮ್ಮಂಥವರಿಗೂ ಸೇರಿದ್ದು ಎಂದು ನಮಗೆ ಅನ್ನಿಸುವುದು ಈ ಕಾರಣದಿಂದ.

ಮೈದಾನದಲ್ಲಿ ನಡೆದ ಸ್ಮರಣ ಸಭೆ

2013ರ ಏಪ್ರಿಲ್ 24ರಂದು ಎಂ.ಐ.ಟಿ.ಯ ಬ್ರಿಗ್ಸ್ ಮೈದಾನದಲ್ಲಿ ಸ್ಮರಣ ಸಭೆ ನಡೆಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಆಗ ಉಪಾಧ್ಯಕ್ಷರಾಗಿದ್ದ ಜೋ ಬೈಡನ್ ಮಾತನಾಡಿದರು. ಗಾಯಕ ಜೇಮ್ಸ್ ಟೇಲರ್ ಹಾಡಿದರು. ದೇಶದ ನಾನಾ ಕಡೆಯಿಂದ ಬಂದ ಪೊಲೀಸರು ಸಮವಸ್ತ್ರದಲ್ಲಿ ಸಾಲುಗಟ್ಟಿ ನಿಂತರು. ಅವರ ಪಕ್ಕದಲ್ಲೇ ಬೆನ್ನಚೀಲ ಹೊತ್ತ ವಿದ್ಯಾರ್ಥಿಗಳು, ಅಧ್ಯಾಪಕರು, ಅಡುಗೆ ಮನೆಯ ಸಿಬ್ಬಂದಿ ಕುಳಿತಿದ್ದರು.

ಕಾಲಿಯರ್ ಅವರ ಸೋದರ ಆ ಸಭೆಯಲ್ಲಿ, ಶಾನ್ ಬದುಕಿದಂತೆ ಬದುಕಿ ಎಂದು ಎಲ್ಲರನ್ನೂ ಕೇಳಿಕೊಂಡರು. ದೊಡ್ಡ ಮನಸ್ಸು, ದೊಡ್ಡ ನಗು, ದೊಡ್ಡ ಸೇವೆ, ಎಲ್ಲದರಲ್ಲೂ ಪ್ರೀತಿ ಎಂಬುದು ಅವರ ಮಾತಿನ ಸಾರ. ಆ ಮಾತನ್ನೇ ಮುಂದೆ ಸ್ಮಾರಕದ ಕಲ್ಲಿನ ಮೇಲೆ ಕೆತ್ತಲಾಯಿತು.

ಸ್ಮಾರಕ ಹೇಗಿದೆ?

ಗುಂಡೇಟು ಬಿದ್ದ ಜಾಗದಲ್ಲಿ ಮೊದಲ ದಿನಗಳಲ್ಲಿ ಜನ ತಾವಾಗಿ ಹೂವು, ಮೇಣದಬತ್ತಿ, ಬಾವುಟ, ಚೀಟಿ ತಂದಿಟ್ಟರು. ಶಾಶ್ವತ ಸ್ಮಾರಕ ಬೇಕೆಂದು ತೀರ್ಮಾನವಾದಾಗ ಅದನ್ನು ಬೇರೆ ಯಾವುದೋ ಉದ್ಯಾನದಲ್ಲಿ ಕಟ್ಟದೆ, ಆ ಜಾಗದ ಬಳಿಯಲ್ಲೇ ಕಟ್ಟಿದರು. ದಿನವೂ ಸಾವಿರಾರು ವಿದ್ಯಾರ್ಥಿಗಳು ತರಗತಿಗೆ ಹೋಗುವ ದಾರಿ ಅದು.

ಅದರಲ್ಲಿ ಕಾಲಿಯರ್ ಅವರ ಪ್ರತಿಮೆ ಇಲ್ಲ, ಕುದುರೆಯಿಲ್ಲ, ಕತ್ತಿಯಿಲ್ಲ. ವಿನ್ಯಾಸಕ್ಕೆ ಮೂಲ ತೆರೆದ ಅಂಗೈ. ಐದು ಬೆರಳು ಚಾಚಿದಂತೆ ಐದು ಗೋಡೆಗಳು ನಡುವಿನಿಂದ ಹೊರಕ್ಕೆ ಹರಡಿಕೊಂಡಿವೆ. ಅಂಗೈ ಇರುವ ಕಡೆ ಮೊಟ್ಟೆಯಾಕಾರದ ಒಂದು ಖಾಲಿ ಜಾಗ, ಅದರ ಮೇಲೆ ಕಲ್ಲಿನ ಚಾವಣಿ. ಗೋಡೆಗಳ ನಡುವಿನಿಂದ ಒಳಗೆ ಬರಬಹುದು, ಸ್ವಲ್ಪ ಹೊತ್ತು ನಿಲ್ಲಬಹುದು, ಇನ್ನೊಂದು ಕಡೆಯಿಂದ ನಡೆದು ಹೋಗಬಹುದು. ಬಾಗಿಲಿಲ್ಲ, ಬೇಲಿಯಿಲ್ಲ.

ಗಮನಿಸಬೇಕಾದ ಮೂರು ವಿಷಯಗಳು:

- ಒಂದು ಗೋಡೆಯ ಮೇಲೆ ಅವರ ಹೆಸರು, 2013ರ ಏಪ್ರಿಲ್ 18ರ ದಿನಾಂಕ, ಕರ್ತವ್ಯದಲ್ಲಿದ್ದಾಗ ಎಂಬರ್ಥದ ಬರಹ ಇದೆ. ಅಧಿಕಾರಿ ಬಿದ್ದ ಸ್ಥಳದ ಕಡೆಗೆ ನೋಟ ಹೋಗುವಂತೆ ಅದನ್ನು ನಿಲ್ಲಿಸಲಾಗಿದೆ.
- ಸೋದರ ಆಡಿದ ಮಾತಿನ ಕೆತ್ತನೆ ಇದೆ.
- ನೆಲದಲ್ಲಿ ಸಣ್ಣ ದೀಪಗಳನ್ನು ಹುದುಗಿಸಿದ್ದಾರೆ. ಆ ರಾತ್ರಿ ಆಕಾಶದಲ್ಲಿ ನಕ್ಷತ್ರಗಳು ಇದ್ದ ಕ್ರಮದಲ್ಲಿ ಅವನ್ನು ಜೋಡಿಸಲಾಗಿದೆ. ಕತ್ತಲಾದ ಮೇಲೆ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ.

ಕಲ್ಲು ನಿಂತಿರುವುದು ಹೇಗೆ?

ಇಂದಿನ ಕಟ್ಟಡಗಳಲ್ಲಿ ಕಲ್ಲೆಂದರೆ ಸಾಮಾನ್ಯವಾಗಿ ಹೊರಗೆ ಹೊದಿಸಿದ ತೆಳು ಹಲಗೆ ಮಾತ್ರ. ಒಳಗೆ ಭಾರ ಹೊರುವುದು ಉಕ್ಕು, ಕಾಂಕ್ರೀಟು. ಕಾಲಿಯರ್ ಸ್ಮಾರಕ ಹಾಗಲ್ಲ. ಅದರ 32 ಕಲ್ಲುಗಳೂ ಗಟ್ಟಿ ಗ್ರಾನೈಟ್, ಒಂದೊಂದೂ ಹಲವು ಟನ್ ತೂಗುತ್ತದೆ. ಚಾವಣಿಯ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದಲೇ ನಿಂತಿವೆ.

ಕಮಾನಿನ ತತ್ವ ನಮಗೆ ಹೊಸದಲ್ಲ. ಕಮಾನಿನ ಪ್ರತಿಯೊಂದು ಕಲ್ಲೂ ಕೆಳಗೆ ಬೀಳಲು ನೋಡುತ್ತದೆ, ಪಕ್ಕದ ಕಲ್ಲು ಅದನ್ನು ತಡೆಯುತ್ತದೆ. ಹೀಗೆ ಭಾರ ಕಲ್ಲಿನಿಂದ ಕಲ್ಲಿಗೆ ಸಾಗಿ ಕೊನೆಗೆ ಗೋಡೆಯ ಮೂಲಕ ನೆಲ ಸೇರುತ್ತದೆ. ನೆತ್ತಿಯ ಮೇಲೆ ಕೂರುವ ಕೊನೆಯ ಕಲ್ಲು ಎಲ್ಲವನ್ನೂ ಬಿಗಿ ಮಾಡುತ್ತದೆ. 1656ರಲ್ಲಿ ಮುಗಿದ ವಿಜಯಪುರದ ಗೋಳಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ ಸುಮಾರು 44 ಮೀಟರ್ ಅಗಲದ ಗುಮ್ಮಟ ಹೊತ್ತು ನಿಂತಿರುವುದರ ಹಿಂದೆಯೂ, ಭಾರವನ್ನು ಕಮಾನುಗಳ ಮೂಲಕ ಗೋಡೆಗೆ ಇಳಿಸುವ ಇಂಥದೇ ಜಾಣ್ಮೆ ಇದೆ.

ಇಲ್ಲಿನ ಕಷ್ಟ ಬೇರೆ. ಚಾವಣಿ ಹೆಚ್ಚು ಬಾಗದೆ ಚಪ್ಪಟೆಯಾಗಿದೆ. ಕಮಾನು ಚಪ್ಪಟೆಯಾದಷ್ಟೂ ಪಕ್ಕಕ್ಕೆ ಒತ್ತುವ ಬಲ ಹೆಚ್ಚು. ಆ ಒತ್ತಡವನ್ನು ತಡೆಯುವುದು ಹೊರಕ್ಕೆ ಚಾಚಿದ ಆ ಐದು ಗೋಡೆಗಳ ಕೆಲಸ. ಕಲ್ಲುಗಳ ಮುಖಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರಬೇಕಾಗಿತ್ತು. ಎಂ.ಐ.ಟಿ.ಯಲ್ಲಿ ಹಳೆಯ ಕಲ್ಲುಕಟ್ಟಡಗಳ ಬಗ್ಗೆ ಸಂಶೋಧನೆ ಮಾಡುವ ಪ್ರಾಧ್ಯಾಪಕ ಜಾನ್ ಆಕ್ಸೆಂಡಾರ್ಫ್ ಇದಕ್ಕೆ ಸಲಹೆ ನೀಡಿದರು. ಲೆಕ್ಕ ಹಾಕಿದ್ದು ಕಂಪ್ಯೂಟರಿನಲ್ಲಿ, ಕಲ್ಲನ್ನು ಕೊರೆದದ್ದು ಆಧುನಿಕ ಯಂತ್ರಗಳಲ್ಲಿ, ಕೊನೆಯ ನಯ ಕೊಟ್ಟು ಕೂರಿಸಿದ್ದು ಕಲ್ಲುಕುಟಿಗರ ಕೈ.

ಒಂದು ಕಲ್ಲು ತೆಗೆದರೆ ಉಳಿದವು ನಿಲ್ಲಲಾರವು. ಆ ವಾರ ಬಾಸ್ಟನ್ನಿನ ಜನ ಒಬ್ಬರಿಗೊಬ್ಬರು ಆನಿಕೊಂಡು ನಿಂತಿದ್ದರು ಎಂಬುದನ್ನು ಹೇಳಲು ಇದೇ ಸರಿಯಾದ ರೂಪವೆಂದು ವಿನ್ಯಾಸಕರು ಬಗೆದರು.

ಕಲ್ಲಿನಾಚೆಯ ನೆನಪು

ಸ್ಮಾರಕವೆಂದರೆ ಕಲ್ಲು ಮಾತ್ರವಲ್ಲ. ಕಾಲಿಯರ್ ಅವರ ಹೆಸರಿನಲ್ಲಿ ನಡೆದುಬಂದ ಕೆಲವು ಕೆಲಸಗಳನ್ನು ಇಲ್ಲಿ ಕೊಡುತ್ತಿದ್ದೇವೆ:

- 2013ರ ಆಗಸ್ಟ್‌ನಲ್ಲಿ ಸೋಮರ್‌ವಿಲ್ ನಗರ ಅವರನ್ನು ಮರಣೋತ್ತರವಾಗಿ ತನ್ನ ಪೊಲೀಸ್ ಅಧಿಕಾರಿಯಾಗಿ ನೇಮಿಸಿತು. ಅವರು ಕಾದಿದ್ದ ಹುದ್ದೆ ಅದು.
- 2014ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಎಂ.ಐ.ಟಿ.ಯ ವಿದ್ಯಾರ್ಥಿಗಳು, ಸಿಬ್ಬಂದಿ, ಹಳೆಯ ವಿದ್ಯಾರ್ಥಿಗಳು 'ಎಂ.ಐ.ಟಿ. ಸ್ಟ್ರಾಂಗ್' ಎಂಬ ತಂಡವಾಗಿ ಓಡಿ ಅವರ ಹೆಸರಿನ ನಿಧಿಗೆ ಹಣ ಕೂಡಿಸಿದರು.
- ಸಹಜೀವಿಗಳಿಗೆ ನೆರವಾಗುವ ಅವರ ಗುಣವನ್ನು ಬದುಕಿ ತೋರುವವರಿಗೆ ಎಂ.ಐ.ಟಿ. 'ಕಾಲಿಯರ್ ಮೆಡಲ್' ಎಂಬ ಪುರಸ್ಕಾರ ಕೊಡುತ್ತದೆ.
- 2014ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಡಿ.ಸಿ.ಯ ರಾಷ್ಟ್ರೀಯ ಪೊಲೀಸ್ ಸ್ಮಾರಕದ ಗೋಡೆಗೆ ಅವರ ಹೆಸರು ಸೇರಿತು.

ಈ ರಾಷ್ಟ್ರೀಯ ಸ್ಮಾರಕದ ಬಗ್ಗೆ ಎರಡು ಮಾತು. ಅದು ವಾಷಿಂಗ್ಟನ್‌ನ ಜುಡಿಷಿಯರಿ ಸ್ಕ್ವೇರ್‌ನಲ್ಲಿದೆ, 1991ರಲ್ಲಿ ಉದ್ಘಾಟನೆಯಾಯಿತು. ದೇಶದಾದ್ಯಂತ ಕರ್ತವ್ಯದಲ್ಲಿ ಮಡಿದ 24 ಸಾವಿರಕ್ಕೂ ಹೆಚ್ಚು ಅಧಿಕಾರಿಗಳ ಹೆಸರು ಅದರ ಬಾಗಿದ ಗೋಡೆಗಳ ಮೇಲಿವೆ. ಮಹಾನಗರದ ಅಧಿಕಾರಿ, ಹತ್ತು ಜನರಿರುವ ಹಳ್ಳಿಯ ಠಾಣೆಯ ಅಧಿಕಾರಿ, ಕ್ಯಾಂಪಸ್ ಅಧಿಕಾರಿ ಎಂಬ ಭೇದ ಅಲ್ಲಿಲ್ಲ. 1962ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ನಿರ್ಣಯದಂತೆ ಪ್ರತಿ ವರ್ಷ ಮೇ 15 ಇಂಥ ಅಧಿಕಾರಿಗಳ ಸ್ಮರಣೆಯ ದಿನ. ಅಂದು ಸರಕಾರಿ ಕಟ್ಟಡಗಳ ಬಾವುಟ ಅರ್ಧಕ್ಕೆ ಇಳಿದಿದ್ದರೆ ಮಕ್ಕಳಿಗೆ ಕಾರಣ ಹೇಳಿ.

ನಮ್ಮ ನಾಡಿನ ವೀರಗಲ್ಲು

ಊರನ್ನು ಕಾಯುತ್ತಾ ಸತ್ತವನಿಗೆ ಊರವರು ಕಲ್ಲು ನಿಲ್ಲಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಹಳ್ಳಿ ಹಳ್ಳಿಯ ಹೊರಗೆ, ಕೆರೆ ಏರಿಯ ಮೇಲೆ, ಗುಡಿಯ ಪಕ್ಕದಲ್ಲಿ ನಿಂತಿರುವ ವೀರಗಲ್ಲುಗಳನ್ನು ನಾವೆಲ್ಲ ನೋಡಿದ್ದೇವೆ. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತವರು, ಊರಿನ ಮೇಲೆ ಬಿದ್ದ ದಂಡನ್ನು ತಡೆಯುತ್ತಾ ಸತ್ತವರು ಅವುಗಳಲ್ಲಿದ್ದಾರೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಮೇಲೆ ದೇವರ ಸನ್ನಿಧಿ, ಇದು ಸಾಮಾನ್ಯ ಕ್ರಮ. ಬೆಂಗಳೂರು ಎಂಬ ಹೆಸರಿನ ಬಲು ಹಳೆಯ ಉಲ್ಲೇಖ ದೊರೆಯುವುದೂ ಬೇಗೂರಿನಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನದಲ್ಲಿ. ಒಂದು ಮಹಾನಗರದ ಹೆಸರು ನಮಗೆ ತಿಳಿದದ್ದು ಕಾಳಗದಲ್ಲಿ ಸತ್ತ ಒಬ್ಬನ ನೆನಪಿನಿಂದ!

ಇಂದಿನ ಭಾರತದಲ್ಲಿ ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಪಡೆಯ ದಾಳಿಗೆ ಸಿಕ್ಕಿ ಹತ್ತು ಪೊಲೀಸರು ಸತ್ತ ದಿನವಿದು. ಬೆಂಗಳೂರಿನಲ್ಲೂ ಜಿಲ್ಲಾ ಕೇಂದ್ರಗಳಲ್ಲೂ ಅಂದು ಹುತಾತ್ಮರ ಹೆಸರು ಓದಿ ಗೌರವ ಸಲ್ಲಿಸುತ್ತಾರೆ. 1992ರಲ್ಲಿ ವೀರಪ್ಪನ್ ತಂಡದ ದಾಳಿಯಲ್ಲಿ ಮಡಿದ ಎಸ್.ಪಿ. ಹರಿಕೃಷ್ಣ, ಎಸ್.ಐ. ಶಕೀಲ್ ಅಹ್ಮದ್ ಅವರ ಹೆಸರನ್ನು ನಮ್ಮ ಪೀಳಿಗೆಯವರು ಮರೆಯುವಂತಿಲ್ಲ. ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ 2018ರ ಅಕ್ಟೋಬರ್ 21ರಂದು ಉದ್ಘಾಟನೆಯಾಯಿತು. ಅಲ್ಲಿರುವುದೂ ಗ್ರಾನೈಟ್, 30 ಅಡಿ ಎತ್ತರದ ಒಂದೇ ಕಲ್ಲು.

ಮಕ್ಕಳನ್ನು ಕಾಲೇಜಿಗೆ ಕಳಿಸುವವರಿಗೆ

ನಮ್ಮಲ್ಲಿ ಪ್ರತಿ ವರ್ಷ ಅನೇಕ ಮನೆಗಳಿಂದ ಮಕ್ಕಳು ಕಾಲೇಜಿಗೆ ಹೊರಡುತ್ತಾರೆ. ಊರಿನಿಂದ ಉನ್ನತ ವ್ಯಾಸಂಗಕ್ಕೆ ಬರುವ ಅಣ್ಣ ತಂಗಿಯರ ಮಕ್ಕಳೂ ಇರುತ್ತಾರೆ. ಹಾಸಿಗೆ, ಕುಕ್ಕರು, ಚಟ್ನಿಪುಡಿ ಕಟ್ಟಿಕೊಡುವಾಗ ಈ ನಾಲ್ಕು ವಿಷಯಗಳೂ ನೆನಪಿರಲಿ:

- ಸೇರುವ ಕಾಲೇಜಿನ ಕ್ಯಾಂಪಸ್ ಪೊಲೀಸರ ಫೋನ್ ನಂಬರನ್ನು ಮೊದಲ ದಿನವೇ ಮಗುವಿನ ಫೋನಿನಲ್ಲಿ ಹಾಕಿಸಿ. ತುರ್ತಿಗೆ 911 ಇದ್ದೇ ಇದೆ.
- ರಾತ್ರಿ ಹೊತ್ತು ಜೊತೆಗೆ ಬಂದು ಬಿಡುವ ಸೇವೆ ಬಹಳ ಕಾಲೇಜುಗಳಲ್ಲಿ ಉಚಿತ. ಕೇಳಲು ನಾಚಿಕೆ ಬೇಡವೆಂದು ಹೇಳಿ.
- 1990ರ ಕ್ಲೆರಿ ಕಾನೂನಿನಂತೆ, ಸರಕಾರದ ನೆರವು ಪಡೆಯುವ ಕಾಲೇಜುಗಳು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ತಮ್ಮ ಸುರಕ್ಷತಾ ವರದಿ ಪ್ರಕಟಿಸಬೇಕು. ಕ್ಯಾಂಪಸ್ಸಿನಲ್ಲಿ ನಡೆದ ಅಪರಾಧಗಳ ಲೆಕ್ಕ ಅದರಲ್ಲಿರುತ್ತದೆ. ಸೇರುವ ಮೊದಲು ಓದಿ.
- ಅನಾಹುತದ ಹೊತ್ತಿನಲ್ಲಿ ಅಂತರಜಾಲದಲ್ಲಿ ಬರುವ ಹೆಸರು, ಫೋಟೋಗಳನ್ನು ಮುಂದಕ್ಕೆ ಕಳಿಸಬೇಡಿ, ಮಕ್ಕಳಿಗೂ ಹಾಗೆಯೇ ಹೇಳಿ. 2013ರ ಆ ರಾತ್ರಿ ಒಂದು ಅಮಾಯಕ ಕುಟುಂಬ ಪಟ್ಟ ಪಾಡು ಸಾಕು.

ಇನ್ನೂ ಒಂದು ಮಾತು. ಪೊಲೀಸ್ ಎಂದರೆ ದೂರ ಇರಬೇಕಾದವರು ಎಂಬ ಭಾವನೆಯನ್ನು ನಾವು ಊರಿನಿಂದಲೇ ಹೊತ್ತು ತಂದಿರುತ್ತೇವೆ. ಇಲ್ಲಿಯೂ ಎಲ್ಲರ ಅನುಭವ ಒಂದೇ ರೀತಿ ಇರುವುದಿಲ್ಲ, ಅದನ್ನು ನಾವು ಬಲ್ಲೆವು. ಆದರೂ ದಾರಿಯಲ್ಲಿ ಸಿಗುವ ಕ್ಯಾಂಪಸ್ ಅಧಿಕಾರಿಗೆ ಒಂದು ನಮಸ್ಕಾರ ಹೇಳಿ ಹೆಸರು ಕೇಳುವುದರಲ್ಲಿ ನಷ್ಟವೇನೂ ಇಲ್ಲ. ಕಾಲಿಯರ್ ವಿದ್ಯಾರ್ಥಿಗಳಿಗೆ ಹತ್ತಿರವಾದದ್ದು ಅಂಥ ಸಣ್ಣ ಮಾತುಗಳಿಂದಲೇ.

ಭೇಟಿ ನೀಡುವವರಿಗೆ

ರೆಡ್ ಲೈನ್ ರೈಲಿನಲ್ಲಿ ಕೆಂಡಾಲ್/ಎಂ.ಐ.ಟಿ. ನಿಲ್ದಾಣದಲ್ಲಿ ಇಳಿದು ಮೇನ್ ಬೀದಿಯಲ್ಲಿ ಕೆಲವು ನಿಮಿಷ ನಡೆದರೆ ಸ್ಮಾರಕ ಸಿಗುತ್ತದೆ. ಒಂದು ಕಡೆ ಸ್ಟಾಟಾ ಸೆಂಟರ್, ಇನ್ನೊಂದು ಕಡೆ ಕೋಕ್ ಕ್ಯಾನ್ಸರ್ ಸಂಶೋಧನಾ ಕಟ್ಟಡ ಗುರುತು. ಬಯಲಿನಲ್ಲಿರುವ ಜಾಗವಾದ್ದರಿಂದ ಟಿಕೆಟ್ ಬೇಕಿಲ್ಲ. ಮಕ್ಕಳನ್ನು ಕರೆದೊಯ್ದರೆ ಕಲ್ಲಿನ ಮೇಲೆ ಹತ್ತಲು ಬಿಡಬೇಡಿ. ಚಾವಣಿಯ ಕೆಳಗೆ ನಿಂತು ತಲೆಯೆತ್ತಿ ಕಲ್ಲುಗಳು ಕೂಡಿರುವ ಸಂದುಗಳನ್ನು ನೋಡಲು ಹೇಳಿ, ಎಷ್ಟು ಕಲ್ಲಿವೆ ಎಂದು ಎಣಿಸಲು ಹೇಳಿ. ಹೆಸರಿರುವ ಗೋಡೆಯ ಮುಂದೆ ನಿಂತಾಗ, ಈ ಅಧಿಕಾರಿ ವಿದ್ಯಾರ್ಥಿಗಳ ಜೊತೆ ಬೆಟ್ಟ ಹತ್ತುತ್ತಿದ್ದರು ಎಂಬುದನ್ನು ಮೊದಲು ಹೇಳಿ. ಅವರು ಹೇಗೆ ಸತ್ತರು ಎಂಬುದನ್ನು ಆಮೇಲೆ ಹೇಳಿದರಾಯಿತು.